ನಮ್ಮೂರ ಮಾಳಿಗೆಗಳಿಗೊಂದು ಬಿಸಿಲಿನ ನಕಾಶೆ

ಮೊಬೈಲಿನಲ್ಲಿ ನಕಾಶೆ ತೆರೆದು ನಾವು ಏನೆಲ್ಲ ಹುಡುಕುತ್ತೇವೆ? ಗೆಳತಿಯ ಮದುವೆ ಇರುವ ಕಲ್ಯಾಣ ಮಂಟಪ, ಪರೀಕ್ಷಾ ಕೇಂದ್ರ, ಪೆಟ್ರೋಲ್ ಬಂಕ್, ಹತ್ತಿರದ ಎಟಿಎಂ. ದಾರಿ ಸಿಕ್ಕಿತೋ, ಮೊಬೈಲ್ ಮತ್ತೆ ಕಿಸೆಗೆ. ಅದೇ ನಕಾಶೆಯಲ್ಲಿ ಉಪಗ್ರಹ ಚಿತ್ರವನ್ನು ಆಯ್ದುಕೊಂಡು ನಿಮ್ಮ ಓಣಿಯನ್ನು ಒಮ್ಮೆ ಮೇಲಿನಿಂದ ನೋಡಿದ್ದೀರಾ? ರಸ್ತೆಗಿಂತ ಮೊದಲು ಕಣ್ಣಿಗೆ ಬೀಳುವುದು ಮಾಳಿಗೆಗಳು. ಬೈಲಹೊಂಗಲದ ಪೇಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಬೂದು ಸ್ಲ್ಯಾಬುಗಳು, ಕಿತ್ತೂರಿನಲ್ಲಿ ನಡುನಡುವೆ ಕೆಂಪು ಹಂಚುಗಳು, ಸವದತ್ತಿಯಲ್ಲಿ ಗುಡ್ಡದ ಮಗ್ಗುಲಿಗೆ ಹತ್ತಿ ನಿಂತ ಮನೆಗಳು, ರಾಮದುರ್ಗದಲ್ಲಿ ಮಲಪ್ರಭೆಯ ದಂಡೆಗೆ ಹೊಳೆಯುವ ತಗಡುಗಳು. ಇವೆಲ್ಲವುಗಳ ಮೇಲೆ ದಿನಾಲೂ ಬಿಸಿಲು ಸುರಿಯುತ್ತದೆ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುವುದನ್ನು ಬಿಟ್ಟರೆ ಆ ಬಿಸಿಲಿನಿಂದ ನಾವು ಪಡೆಯುತ್ತಿರುವುದು ತೀರಾ ಕಡಿಮೆ.

ನಾನು ಬೈಲಹೊಂಗಲದಲ್ಲಿ ಬಿಎಸ್ಸಿ ಓದುತ್ತಿರುವ ಹುಡುಗಿ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಮೂವರು ಗೆಳತಿಯರು ನನ್ನ ಜೊತೆಗಿದ್ದಾರೆ. ಬಿಡುವು ಸಿಕ್ಕಾಗಲೆಲ್ಲ ನಾವು ನಾಲ್ವರೂ ನಮ್ಮ ನಮ್ಮ ಊರಿನ ಮಾಳಿಗೆಗಳನ್ನು ನಕಾಶೆಯಲ್ಲಿ ಗುರುತಿಸುತ್ತಿದ್ದೇವೆ. ಯಾವ ಮಾಳಿಗೆ ಎಷ್ಟು ದೊಡ್ಡದು, ಅದರ ಮೇಲೆ ನೆರಳು ಎಲ್ಲಿಂದ ಬೀಳುತ್ತದೆ, ಅಲ್ಲಿ ಎಷ್ಟು ಸೌರವಿದ್ಯುತ್ ಹುಟ್ಟಬಹುದು ಎಂಬುದು ನಮ್ಮ ಲೆಕ್ಕ. ಕೆಲಸ ಇನ್ನೂ ಕೆಲವೇ ಓಣಿಗಳಲ್ಲಿ ಮುಗಿದಿದೆ. ಅಷ್ಟರಲ್ಲೇ ಕಂಡುಕೊಂಡ ಸಂಗತಿಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ದೊಡ್ಡ ಊರುಗಳು ಮಾಡಿದ್ದೇನು?

ಇದು ನಮ್ಮ ತಲೆಯಲ್ಲಿ ಹುಟ್ಟಿದ ವಿಚಾರವೇನಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ 2007ರಲ್ಲೇ ಅಂತರ್ಜಾಲದಲ್ಲಿ ಸೌರ ನಕಾಶೆಯೊಂದನ್ನು ತೆರೆದಿಟ್ಟಿತು. ಊರಿನಲ್ಲಿ ಯಾರ ಮಾಳಿಗೆಯ ಮೇಲೆ ಈಗಾಗಲೇ ಸೌರಫಲಕಗಳಿವೆ ಎಂಬುದನ್ನು ಅದರಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. 2011ರಲ್ಲಿ ನ್ಯೂಯಾರ್ಕ್ ನಗರಕ್ಕೂ ಅಂಥದ್ದೊಂದು ನಕಾಶೆ ಬಂತು. 2015ರ ಆಗಸ್ಟ್‌ನಲ್ಲಿ ಗೂಗಲ್ ‘ಪ್ರಾಜೆಕ್ಟ್ ಸನ್‌ರೂಫ್’ ಶುರು ಮಾಡಿತು. ಕಾರ್ಲ್ ಎಲ್ಕಿನ್ ಎಂಬ ಎಂಜಿನಿಯರ್ ಇದರ ಹಿಂದಿದ್ದರು. ವಿಳಾಸ ಬರೆದರೆ ಸಾಕು, ಆ ಮನೆಯ ಮೇಲೆ ವರ್ಷಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಎಷ್ಟು ಹಣ ಉಳಿಯಬಹುದು ಎಂದು ಅದು ಹೇಳುತ್ತದೆ. ಮೊದಲಿಗೆ ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಫ್ರೆಸ್ನೊ ಭಾಗದವರಿಗೆ ಮಾತ್ರ ಸಿಕ್ಕ ಈ ಅನುಕೂಲ ಆಮೇಲೆ ಬೇರೆ ಕಡೆಗೂ ಹಬ್ಬಿತು.

ನಮ್ಮ ರಾಜ್ಯದಲ್ಲಿ ಈ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಸಿ-ಸ್ಟೆಪ್ ಎಂಬ ಸಂಶೋಧನಾ ಸಂಸ್ಥೆ ಬೆಸ್ಕಾಂ ಜೊತೆಗೂಡಿ ‘ಕ್ರೆಸ್ಟ್’ ಎಂಬ ಸಾಧನವನ್ನು ರೂಪಿಸಿತು. ಇದಕ್ಕಾಗಿ ಆಕಾಶದಿಂದ ‘ಲೈಡಾರ್’ ಸಮೀಕ್ಷೆ ನಡೆಯಿತು. ಲೈಡಾರ್ ಎಂದರೆ ಮೇಲಿನಿಂದ ಲೇಸರ್ ಕಿರಣಗಳನ್ನು ನೆಲಕ್ಕೆ ಬಿಟ್ಟು, ಅವು ತಿರುಗಿ ಬರಲು ಹಿಡಿಯುವ ಸಮಯದಿಂದ ಪ್ರತಿ ಕಟ್ಟಡ, ಮರ, ನೀರಿನ ಟ್ಯಾಂಕಿಯ ಎತ್ತರವನ್ನು ಅಳೆಯುವ ವಿಧಾನ. ಎತ್ತರ ಗೊತ್ತಾದರೆ ನೆರಳು ಗೊತ್ತಾಗುತ್ತದೆ. ಸೂರ್ಯ ಯಾವ ದಿನ, ಯಾವ ಹೊತ್ತಿಗೆ, ಎಲ್ಲಿರುತ್ತಾನೆ ಎಂಬುದು ಪಂಚಾಂಗದಷ್ಟೇ ಖಚಿತ. ಹೀಗಾಗಿ ಇಡೀ ವರ್ಷದ ನೆರಳನ್ನು ಕಂಪ್ಯೂಟರ್ ಕೂತಲ್ಲೇ ಲೆಕ್ಕ ಹಾಕಬಲ್ಲದು.

ನಮ್ಮ ಬೈಲಹೊಂಗಲದ ಮೇಲೆ ಲೈಡಾರ್ ಹೊತ್ತು ಯಾರಾದರೂ ಹಾರಿಬರಲಿ ಎಂದು ಕಾಯುತ್ತ ಕೂಡುವುದೇ? ಅದರ ಜರೂರಿಯಿಲ್ಲ ಎನ್ನುವುದು ನನ್ನ ವಾದ. ಮಹಾನಗರದಲ್ಲಿ ಹತ್ತಂತಸ್ತಿನ ಕಟ್ಟಡದ ಪಕ್ಕಕ್ಕೆ ಎರಡಂತಸ್ತಿನ ಮನೆ, ಅದರ ಪಕ್ಕಕ್ಕೆ ಮೊಬೈಲ್ ಗೋಪುರ. ಅಲ್ಲಿನ ನೆರಳಿನ ಲೆಕ್ಕ ಕಠಿಣ. ನಮ್ಮ ಊರುಗಳಲ್ಲಿ ಮನೆಗಳು ಗಿಡ್ಡ, ಮಾಳಿಗೆಗಳು ಚಪ್ಪಟೆ. ಮಣ್ಣಿನ ಮಾಳಿಗೆಗಳ ಕಾಲದಿಂದಲೂ ನಮ್ಮದು ಸಪಾಟು ಮಾಳಿಗೆಗಳ ಸೀಮೆ. ಹಾಗಾಗಿ ಒಂದು ಉಪಗ್ರಹ ಚಿತ್ರ, ಒಂದು ಅಳತೆ ಟೇಪು, ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿ ಇವಿಷ್ಟೇ ಸಾಕಾಗುತ್ತವೆ.

ಬಿಟ್ಟಿ ಸಿಗುವ ಸಲಕರಣೆಗಳು

ನಾವು ಬಳಸುತ್ತಿರುವ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಇಸ್ರೊ 2009ರಲ್ಲಿ ತೆರೆದ ‘ಭುವನ್’ನಲ್ಲಿ ನಮ್ಮ ದೇಶದ ಉಪಗ್ರಹ ಚಿತ್ರಗಳಿವೆ. ವಿಶ್ವಬ್ಯಾಂಕ್ ಮತ್ತು ಸೋಲಾರ್‌ಜಿಸ್ ಸೇರಿ 2017ರಲ್ಲಿ ತಂದ ‘ಗ್ಲೋಬಲ್ ಸೋಲಾರ್ ಅಟ್ಲಾಸ್’ನಲ್ಲಿ ಜಗತ್ತಿನ ಬಹುತೇಕ ಯಾವ ಊರಿನ ಮೇಲೆ ಬೆರಳಿಟ್ಟರೂ ಅಲ್ಲಿನ ಬಿಸಿಲಿನ ಲೆಕ್ಕ ಸಿಗುತ್ತದೆ. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಜನರೇ ಬಿಡಿಸುವ ನಕಾಶೆ. ನಿಮ್ಮ ಓಣಿಯ ಮನೆಗಳ ಗೆರೆಗಳನ್ನು ನೀವೇ ಎಳೆಯಬಹುದು. ಬ್ರಿಟನ್ನಿನ ಸ್ವಯಂಸೇವಕರು ತಮ್ಮ ದೇಶದ ಲಕ್ಷಕ್ಕೂ ಮಿಕ್ಕಿದ ಸೌರ ಘಟಕಗಳನ್ನು ಈ ನಕಾಶೆಯಲ್ಲಿ ಗುರುತಿಸಿದ್ದಾರೆ. ಆ ಮಾಹಿತಿ ಈಗ ಸಂಶೋಧಕರಿಗೂ ಒದಗುತ್ತಿದೆ.

ಬಿಸಿಲಿನ ಅಟ್ಲಾಸಿನಲ್ಲಿ ನಮ್ಮ ನಾಲ್ಕೂ ಊರುಗಳನ್ನು ನೋಡಿದರೆ ಭೂಗೋಳದ ಪಾಠ ಕಣ್ಣೆದುರಿಗೆ ಬರುತ್ತದೆ. ಕಿತ್ತೂರು ಮಲೆನಾಡಿನ ಅಂಚಿಗೆ ಹತ್ತಿರ. ಮಳೆಗಾಲದಲ್ಲಿ ಅಲ್ಲಿ ಮೋಡ ಜಾಸ್ತಿ. ಬೈಲಹೊಂಗಲ, ಸವದತ್ತಿ ದಾಟಿ ಪೂರ್ವಕ್ಕೆ ರಾಮದುರ್ಗದ ಕಡೆ ಹೋದಂತೆ ಮೋಡ ತೆಳುವಾಗಿ ಬಯಲುಸೀಮೆಯ ಬಿಸಿಲು ಏರುತ್ತದೆ. ಆದರೂ ನಾಲ್ಕೂ ಕಡೆ ವ್ಯತ್ಯಾಸ ಸಣ್ಣದೇ. ವರ್ಷದ ಸರಾಸರಿ ಹಿಡಿದರೆ 1 ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸುಮಾರು 4 ಯೂನಿಟ್ ಕರೆಂಟು ಕೊಡುತ್ತದೆ. ಆಷಾಢ, ಶ್ರಾವಣದಲ್ಲಿ ಇಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. 1 ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 10 ಚದರ ಮೀಟರ್ ಜಾಗ ಬೇಕು.

‘ನೆರಳಿಲ್ಲದ’ ಎಂಬ ಆ ಒಂದು ಶಬ್ದದಲ್ಲೇ ಎಲ್ಲ ಲೆಕ್ಕ ಅಡಗಿದೆ. ಅದರ ಬೆಲೆ ತಿಳಿದದ್ದು ನನ್ನ ಕಾಕಾನ ಹಿಟ್ಟಿನ ಗಿರಣಿಯಲ್ಲಿ.

ಮೇ ತಿಂಗಳಲ್ಲಿ ಕಾಣದ ನೆರಳು

ಕಾಕಾನ ಗಿರಣಿ ತಗಡಿನ ಶೆಡ್ಡಿನಲ್ಲಿದೆ. ಪೂರ್ವ ಪಶ್ಚಿಮಕ್ಕೆ 12 ಮೀಟರ್, ಉತ್ತರ ದಕ್ಷಿಣಕ್ಕೆ 6 ಮೀಟರ್. ಅಂದರೆ 72 ಚದರ ಮೀಟರ್. ಗಿರಣಿಯ ಕರೆಂಟು ಬಿಲ್ಲು ತಿಂಗಳು ತಿಂಗಳು ಏರುತ್ತಿದ್ದುದನ್ನು ನೋಡಿ ಕಾಕಾ ಸೋಲಾರ್ ಹಾಕಿಸುವ ಮನಸ್ಸು ಮಾಡಿದ. ಸೋಲಾರ್ ಕೂಡಿಸುವ ಒಬ್ಬರು ಮೇ ತಿಂಗಳ ಮೊದಲ ವಾರ ಮಧ್ಯಾಹ್ನ ಬಂದು ನೋಡಿದರು. ಶೆಡ್ಡಿನ ತುಂಬ ಕಣ್ಣು ಕುಕ್ಕುವ ಬಿಸಿಲು. “ಏಳು ಕಿಲೋವ್ಯಾಟ್ ಆರಾಮ ಕೂಡ್ತದ್ರಿ. ಎಲ್ಲಿ ನೋಡಿದ್ರೂ ನೆರಳ ಇಲ್ಲ” ಎಂದರು. ಅವರು ಹೇಳಿದ್ದು ಆ ಗಳಿಗೆಗೆ ಖರೆ. 72 ಚದರ ಮೀಟರಿಗೆ 7 ಕಿಲೋವ್ಯಾಟ್ ಎಂಬ ಲೆಕ್ಕವೂ ಸರಿ. ಕಾಕಾ ಸಾಲದ ಅರ್ಜಿ ತರಲು ಬ್ಯಾಂಕಿಗೂ ಹೋಗಿಬಂದ.

ನಾವು ಮಾಳಿಗೆ ಗುರುತಿಸುತ್ತ ಗಿರಣಿಯ ಓಣಿಗೆ ಬಂದಾಗ ಉಪಗ್ರಹ ಚಿತ್ರದಲ್ಲಿ ಬೇರೆಯೇ ಕಂಡಿತು. ಶೆಡ್ಡಿನ ದಕ್ಷಿಣದ ಅರ್ಧಕ್ಕೆ ಕರಿ ಪಟ್ಟಿಯೊಂದು ಎಳೆದಂತಿತ್ತು. ಅದು ಚಳಿಗಾಲದಲ್ಲಿ ತೆಗೆದ ಚಿತ್ರ. ದಕ್ಷಿಣಕ್ಕೆ ಗೋಡೆಗೆ ಗೋಡೆ ಹಚ್ಚಿ ಎದ್ದಿರುವ ಕಟ್ಟಡ ಶೆಡ್ಡಿಗಿಂತ ಒಂದು ಅಂತಸ್ತು, ಅಂದರೆ ಸುಮಾರು 3 ಮೀಟರ್ ಎತ್ತರ. ಆ ಪಟ್ಟಿ ಅದರದೇ ನೆರಳು.

ಹಾಗಾದರೆ ಮೇ ತಿಂಗಳಲ್ಲಿ ನೆರಳು ಎಲ್ಲಿ ಹೋಗಿತ್ತು? ಇದರ ಉತ್ತರ ನಮ್ಮ ಊರುಗಳ ಅಕ್ಷಾಂಶದಲ್ಲಿದೆ. ಬೈಲಹೊಂಗಲ ಇರುವುದು ಉತ್ತರಕ್ಕೆ ಸುಮಾರು 15.8 ಡಿಗ್ರಿಯಲ್ಲಿ. ಕರ್ಕಾಟಕ ವೃತ್ತದ ಈಚೆಗಿರುವುದರಿಂದ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ 9ರ ಆಸುಪಾಸಿನಲ್ಲಿ ಇನ್ನೊಮ್ಮೆ. ಆ ದಿನ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ವಿಜ್ಞಾನ ಕೇಂದ್ರಗಳವರು ಶೂನ್ಯ ನೆರಳಿನ ದಿನವೆಂದು ಆಚರಿಸುವುದು ಇದನ್ನೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗ ದಕ್ಷಿಣದ ಕಟ್ಟಡ ಕಾಕಾನ ಶೆಡ್ಡಿಗೆ ಏನೂ ಮಾಡದು.

ಡಿಸೆಂಬರಿನ ಕಥೆಯೇ ಬೇರೆ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 3 ಮೀಟರ್ ಗೋಡೆಯ ನೆರಳು ಉತ್ತರಕ್ಕೆ ಸುಮಾರು ಎರಡೂವರೆ ಮೀಟರ್ ಚಾಚುತ್ತದೆ. ಬೆಳಗಿನ ಒಂಬತ್ತೂವರೆಗೆ ಸೂರ್ಯನ ಎತ್ತರ 31 ಡಿಗ್ರಿ ಮಾತ್ರ. ಅದೇ ಗೋಡೆಯ ನೆರಳು ಆಗ ವಾಯವ್ಯಕ್ಕೆ 5 ಮೀಟರಿನಷ್ಟು ಉದ್ದವಾಗಿ, ಉತ್ತರದ ದಿಕ್ಕಿನಲ್ಲಿ ಮೂರೂಕಾಲು ಮೀಟರ್ ಒಳಗೆ ಬರುತ್ತದೆ. 6 ಮೀಟರ್ ಅಗಲದ ಶೆಡ್ಡಿನಲ್ಲಿ ಇಷ್ಟು ಕಳೆದರೆ ನೆರಳಿಲ್ಲದೆ ಉಳಿಯುವುದು ಎರಡೂಮುಕ್ಕಾಲು ಮೀಟರ್ ಪಟ್ಟಿ. ಅದನ್ನು 12ರಿಂದ ಗುಣಿಸಿದರೆ 33 ಚದರ ಮೀಟರ್. ಏಳು ಕಿಲೋವ್ಯಾಟ್ ಮೂರಕ್ಕೆ ಇಳಿಯಿತು!

‘ಅರ್ಧ ದಿನ ನೆರಳು ಬಿದ್ದರೆ ಅಷ್ಟು ಕರೆಂಟು ಕಡಿಮೆಯಾದೀತು, ಅಷ್ಟೇ ತಾನೆ’ ಎನ್ನುವಂತಿಲ್ಲ. ಸೌರಫಲಕಗಳನ್ನು ಸಾಮಾನ್ಯವಾಗಿ ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ಬಿದ್ದ ನೆರಳಿನ ಪೆಟ್ಟು ಉಳಿದವಕ್ಕೂ ತಟ್ಟುತ್ತದೆ. ಸಾಲದ ಕಂತು ಮಾತ್ರ ನೆರಳು ನೋಡಿ ಕಡಿಮೆಯಾಗುವುದಿಲ್ಲ.

ಕಾಕಾ ನಮ್ಮ ಲೆಕ್ಕವನ್ನು ಸುಲಭಕ್ಕೆ ನಂಬಲಿಲ್ಲ. “ನೀ ಹಾಳಿ ಮ್ಯಾಲೆ ಗೆರಿ ಹೊಡದ್ರ ಆತೇನವ್ವಾ? ಡಿಸೆಂಬರ್ ಬರಲಿ, ಖುದ್ದ ನೋಡೂಣು” ಎಂದ. ಕಾದೆವು. ಡಿಸೆಂಬರಿನ ಒಂದು ಬೆಳಿಗ್ಗೆ ಏಣಿ ಹಾಕಿ ಹತ್ತಿ ನೋಡಿದಾಗ ನಮ್ಮ ಲೆಕ್ಕದ ಗೆರೆಗೂ ನೆರಳಿನ ಗೆರೆಗೂ ಒಂದು ಗೇಣಿನಷ್ಟು ಅಂತರವೂ ಇರಲಿಲ್ಲ. ಕಾಕಾ ಕೆಳಗಿಳಿದು ಚಹಾ ತರಿಸಿದ. ಗಿರಣಿಯ ಉತ್ತರದ ಪಟ್ಟಿಗೆ ಈಗ 3 ಕಿಲೋವ್ಯಾಟಿನ ಫಲಕಗಳು ಕೂತಿವೆ. ಮಾಡಬೇಕಿದ್ದ ಸಾಲ ಅರ್ಧಕ್ಕಿಂತ ಕಡಿಮೆಯಾಯಿತು.

ಬಿಲ್ಲಿದ್ದಲ್ಲಿ ಬಿಸಿಲಿಲ್ಲ, ಬಿಸಿಲಿದ್ದಲ್ಲಿ ಬಿಲ್ಲಿಲ್ಲ

ಈ ಪ್ರಸಂಗದ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಕಾಕಾನ ಮನೆಯ ಸ್ಲ್ಯಾಬಿನ ಮೇಲೆ ಎಲ್ಲಿಯ ನೆರಳೂ ಇಲ್ಲ. ಅಲ್ಲೇಕೆ ಹಾಕಿಸಲಿಲ್ಲ?

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟಿಗೆ 30 ಸಾವಿರ, 2 ಕಿಲೋವ್ಯಾಟಿಗೆ 60 ಸಾವಿರ, 3 ಮತ್ತು ಅದಕ್ಕೂ ಮೇಲ್ಪಟ್ಟರೆ 78 ಸಾವಿರ ರೂಪಾಯಿ ಸಹಾಯಧನವಿದೆ. ದೇಶದ 1 ಕೋಟಿ ಮನೆಗಳಿಗೆ ತಲುಪುವುದು ಅದರ ಗುರಿ. ಆದರೆ ಈ ಸಹಾಯಧನ ವಾಸದ ಮನೆಗಳಿಗೆ, ಗಿರಣಿ ಅಂಗಡಿಗಳಿಗಲ್ಲ. ಇನ್ನೊಂದು ಕಡೆ, 2023ರಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಇದೆ. ಮನೆಯ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮಿತಿಯೊಳಗೆ ಕರೆಂಟು ಉಚಿತ. ನಮ್ಮಂಥ ಊರುಗಳಲ್ಲಿ ಬಹಳಷ್ಟು ಮನೆಗಳ ಬಳಕೆ ಆ ಮಿತಿಯೊಳಗೇ ಮುಗಿಯುತ್ತದೆ. ಹಾಗಾಗಿ ಮನೆಯ ಬಿಲ್ಲು ಸೊನ್ನೆ, ಗಿರಣಿಯ ಬಿಲ್ಲು ಸಾವಿರಗಳಲ್ಲಿ.

ಸೊನ್ನೆ ಬಿಲ್ಲು ಬಂದ ತಿಂಗಳು ನಮ್ಮ ಅವ್ವನ ಮುಖದ ಮೇಲಿನ ನಿರಾಳವನ್ನು ನಾನೂ ನೋಡಿದ್ದೇನೆ. ಉಚಿತ ಕರೆಂಟನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾನು ಹೇಳುವುದಿಷ್ಟೆ: ‘ಎಲ್ಲರೂ ಸೋಲಾರ್ ಹಾಕಿಸಿ’ ಎಂದು ಮೈಕಿನಲ್ಲಿ ಕೂಗಿದರೆ ನಮ್ಮ ಊರಿನಲ್ಲಿ ಯಾರೂ ಹಾಕಿಸುವುದಿಲ್ಲ. ಬಿಸಿಲೂ ಇದ್ದು, ಬಿಲ್ಲೂ ಇರುವ ಮಾಳಿಗೆಗಳು ಯಾವುವು ಎಂಬುದನ್ನು ಮೊದಲು ಕಂಡುಹಿಡಿಯಬೇಕು. ಬೇಕರಿ, ಗಿರಣಿ, ಪ್ರಿಂಟಿಂಗ್ ಪ್ರೆಸ್, ಕಲ್ಯಾಣ ಮಂಟಪ, ಖಾಸಗಿ ಹಾಸ್ಟೆಲ್, ಆಸ್ಪತ್ರೆ, 200 ಯೂನಿಟ್ ದಾಟುವ ದೊಡ್ಡ ಮನೆಗಳು ಇಂಥವನ್ನು. ಓಣಿಯ ಮನೆಮನೆಗೂ ಕರಪತ್ರ ಹಂಚುವುದರಿಂದ ಆಗದ ಈ ಕೆಲಸ ನಕಾಶೆಯಿಂದ ಆಗುತ್ತದೆ.

ಒಬ್ಬರ ಮಾಳಿಗೆಯ ಮೇಲೆ ಹುಟ್ಟಿದ ಕರೆಂಟನ್ನು ಬೇರೆಡೆಯ ಮೀಟರಿನ ಲೆಕ್ಕಕ್ಕೆ ಹಚ್ಚುವ ವ್ಯವಸ್ಥೆಯೂ ಇದೆ. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಅಂಥದ್ದು ನಮ್ಮ ತಾಲ್ಲೂಕು ಕೇಂದ್ರಗಳ ಸಣ್ಣ ವ್ಯಾಪಾರಿಯ ಕೈಗೂ ಸಿಕ್ಕರೆ, ಮನೆಯ ಬಿಸಿಲು ಗಿರಣಿಯ ಬಿಲ್ಲನ್ನು ತೀರಿಸೀತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಸೋಲಾರ್ ಹಾಕಿಸಿದರೆ ಕರೆಂಟು ಹೋದಾಗಲೂ ದೀಪ ಉರಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಬ್ಯಾಟರಿ ಇಲ್ಲದೆ ಹೆಸ್ಕಾಂ ಲೈನಿಗೆ ಜೋಡಿಸಿದ ಘಟಕ, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ನ ಜೀವಕ್ಕೆ ಅಪಾಯವಾಗದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಇದನ್ನು ಮೊದಲೇ ಹೇಳಿದರೆ ಆಮೇಲೆ ಜಗಳವಿರುವುದಿಲ್ಲ.

“ತೆರಿಗಿ ಹಾಕಾಕ ಬಂದೀರೇನು?”

ಚಿತ್ರದಲ್ಲಿ ಕಂಡದ್ದನ್ನು ನೆಲದ ಮೇಲೆ ಹೋಗಿ ನೋಡಲೇಬೇಕು. ಉಪಗ್ರಹಕ್ಕೆ ಮಾಳಿಗೆ ಕಾಣುತ್ತದೆ, ಅದು ಭಾರ ತಾಳುತ್ತದೋ ಇಲ್ಲವೋ ಕಾಣುವುದಿಲ್ಲ. ಕಿತ್ತೂರಿನ ಹಳೆಯ ಹಂಚಿನ ಮನೆಗಳ ತೊಲೆಗಳನ್ನು ಕೆಳಗಿನಿಂದ ನೋಡಿಯೇ ಹೇಳಬೇಕು. ಹೀಗೆ ಟೇಪು ಹಿಡಿದು ಓಣಿಗಳಿಗೆ ಹೋದಾಗ ನಮಗೆ ಮೊದಲು ಸಿಕ್ಕದ್ದು ಅನುಮಾನ. ಸವದತ್ತಿಯಲ್ಲಿ ಅಜ್ಜಿಯೊಬ್ಬರು ಬಾಗಿಲಿಗೆ ಅಡ್ಡ ನಿಂತು, “ಮನಿ ಅಳತಿ ಯಾಕ ಮಾಡಾಕತ್ತೀರವಾ? ತೆರಿಗಿ ಹಾಕಾಕ ಬಂದೀರೇನು?” ಎಂದು ಕೇಳಿದರು. ರಾಮದುರ್ಗದಲ್ಲಿ ಒಬ್ಬರು, “ನಮ್ಮ ಮಾಳಗಿ ಚಿತ್ರ ನಿಮ್ಮ ಮೊಬೈಲ್ದಾಗ ಹೆಂಗ ಬಂತು? ನಾವು ಹೂಂ ಅಂದಿಲ್ಲಲ್ಲ?” ಎಂದರು.

ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಮೇಲಿನಿಂದ ಚಿತ್ರ ತೆಗೆಯುವ ಯಾವ ಕಂಪನಿಯೂ ಆ ಮನೆಯವರ ಒಪ್ಪಿಗೆ ಕೇಳಿಲ್ಲ. ನಾವು ನಾಲ್ವರು ಕೂತು ಒಂದು ನಿಯಮ ಮಾಡಿಕೊಂಡೆವು. ಮನೆಯವರು ಒಪ್ಪಿದರೆ ಮಾತ್ರ ನಮ್ಮ ಬಿಸಿಲಿನ ನಕಾಶೆಯಲ್ಲಿ ಆ ಮಾಳಿಗೆಗೆ ಬಣ್ಣ. ಹೆಸರು, ಮೊಬೈಲ್ ನಂಬರ್, ಬಿಲ್ಲಿನ ಮೊತ್ತ ಯಾವುದನ್ನೂ ಬರೆಯುವುದಿಲ್ಲ. ಬೇಡ ಎಂದವರ ಮಾಳಿಗೆ ಬರಿದಾಗಿಯೇ ಉಳಿಯುತ್ತದೆ. ಇದರಿಂದ ನಮ್ಮ ನಕಾಶೆ ತೂತು ತೂತಾಗಿದೆ ನಿಜ. ಆದರೆ ಆ ಅಜ್ಜಿ ಎರಡನೇ ಸಲ ಹೋದಾಗ ಮಜ್ಜಿಗೆ ಕೊಟ್ಟರು.

ಊರ ಮಂದಿ ನಮ್ಮನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ‘ಎಷ್ಟು ಯೂನಿಟ್ ಬರುತ್ತದೆ’ ಎಂಬುದಲ್ಲ. “ನಮ್ಮೂರಾಗ ಯಾರ ಹಾಕಿಸ್ಯಾರ? ಅವರನ್ನ ಒಂದ ಮಾತ ಕೇಳ್ತೀವಿ” ಎಂಬುದು. ಸೌರಶಕ್ತಿಯ ಮೇಲೆ ನಡೆದ ಸಂಶೋಧನೆಯೂ ಇದನ್ನೇ ಹೇಳುತ್ತದೆ. ಬ್ರಯನ್ ಬೊಲಿಂಜರ್ ಮತ್ತು ಕೆನೆತ್ ಗಿಲಿಂಗ್‌ಹ್ಯಾಮ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದ ಮನೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದು ಅಂಚೆ ವಲಯದಲ್ಲಿ ಹೊಸದಾಗಿ ಒಂದು ಮನೆ ಸೌರಫಲಕ ಹಾಕಿಸಿದರೆ, ಅಲ್ಲಿ ಇನ್ನೊಂದು ಮನೆ ಹಾಕಿಸುವ ಸಾಧ್ಯತೆ ಶೇಕಡಾ 0.78 ಅಂಶದಷ್ಟು ಏರುತ್ತದೆ ಎಂಬುದು ಅವರು ಕಂಡುಕೊಂಡದ್ದು. ಅಂಕಿ ಸಣ್ಣದೆನಿಸಬಹುದು. ಆದರೆ ಪ್ರತಿ ಹೊಸ ಮನೆಯೂ ಮುಂದಿನ ಮನೆಯನ್ನು ಎಳೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ತನ್ನ ನಕಾಶೆಯಲ್ಲಿ ಹಾಕಿಸಿದವರ ಮಾಳಿಗೆಗಳನ್ನು ತೋರಿಸಿದ್ದು ಯಾಕೆಂದು ಆಗ ನನಗೆ ಅರ್ಥವಾಯಿತು. ಕಾಕಾ ಒಪ್ಪಿದ್ದರಿಂದ ನಮ್ಮ ನಕಾಶೆಯಲ್ಲಿ ಗಿರಣಿಗೆ ಹಳದಿ ಚುಕ್ಕೆಯಿದೆ. ಹಿಟ್ಟು ಬೀಸಿಸಲು ಬಂದವರು ಡಬ್ಬಿ ಇಟ್ಟು ಮೊದಲು ಮೀಟರ್ ನೋಡುತ್ತಾರೆ. ಕಾಕಾ ಡಿಸೆಂಬರಿನ ನೆರಳಿನ ಕಥೆ ಹೇಳುತ್ತಾನೆ. ಜಾಹೀರಾತು ಮಾಡಲಾಗದ ಕೆಲಸ ಅಲ್ಲಿ ನಡೆಯುತ್ತದೆ.

ಮೊದಲು ಊರಿನ ಮಾಳಿಗೆಗಳು

ಖಾಸಗಿ ಮನೆಗಳ ಒಪ್ಪಿಗೆಗೆ ಕಾಯುವಾಗ ಕೈಕಟ್ಟಿ ಕೂಡಬೇಕಿಲ್ಲ. ಊರಿನ ದೊಡ್ಡ ಮಾಳಿಗೆಗಳು ಊರಿನವೇ ಆಗಿವೆ: ಸರ್ಕಾರಿ ಶಾಲೆ, ಕಾಲೇಜು, ಹಾಸ್ಟೆಲ್, ಬಸ್ ನಿಲ್ದಾಣ, ಎಪಿಎಂಸಿ ಗೋದಾಮು, ತಾಲ್ಲೂಕು ಕಚೇರಿ. ನಮ್ಮ ಲೆಕ್ಕ ಹೀಗಿದೆ: 30 ಮೀಟರ್ ಉದ್ದ, 8 ಮೀಟರ್ ಅಗಲದ ಶಾಲಾ ಮಾಳಿಗೆ ಎಂದರೆ 240 ಚದರ ಮೀಟರ್. ನೀರಿನ ಟ್ಯಾಂಕಿ, ಪ್ಯಾರಪೆಟ್ಟಿನ ನೆರಳು, ಓಡಾಡಲು ದಾರಿ ಎಂದು ಅರ್ಧ ಬಿಟ್ಟರೂ 12 ಕಿಲೋವ್ಯಾಟ್ ಕೂಡುತ್ತದೆ. ದಿನಕ್ಕೆ ಸುಮಾರು 48 ಯೂನಿಟ್. ಬಿಸಿಲು ಜೋರಾಗಿರುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಆಗ ಹುಟ್ಟುವ ಕರೆಂಟು ಊರಿನ ಲೈನಿಗೆ ಹರಿದು ಶಾಲೆಯ ಲೆಕ್ಕಕ್ಕೆ ಜಮೆಯಾಗಬಹುದು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಭಕ್ತರು ಬರುತ್ತಾರೆ. ಅಲ್ಲಿನ ಯಾತ್ರಿನಿವಾಸಗಳ ಮಾಳಿಗೆಗಳನ್ನೂ ಅಳೆದು ನೋಡುವ ಆಸೆ ನಮಗಿದೆ.

ಸೌರಶಕ್ತಿ ಎಂದರೆ ನಮ್ಮ ಕಣ್ಣಿಗೆ ಬರುವುದು ಪಾವಗಡ. ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್. ನಮ್ಮ ಜಿಲ್ಲೆಯ ಇಟ್ನಾಳದಲ್ಲೂ ರಾಜ್ಯ ವಿದ್ಯುತ್ ನಿಗಮದ 3 ಮೆಗಾವ್ಯಾಟ್ ಘಟಕವಿದೆ. ಮಳೆಯೇ ಕಾಣದ ಬರಡು ನೆಲಕ್ಕೆ ಅಂಥ ಪಾರ್ಕು ಒಪ್ಪೀತು. ಆದರೆ ಬೈಲಹೊಂಗಲ, ಸವದತ್ತಿಯ ಎರೆಹೊಲಗಳು ಹತ್ತಿ, ಬಿಳಿಜೋಳ, ಕಡಲೆ ಬೆಳೆಯುವ ಹೊಲಗಳು. ಆ ನೆಲವನ್ನು ಗಾಜಿನಿಂದ ಮುಚ್ಚುವ ಮೊದಲು, ಏನೂ ಬೆಳೆಯದ ನಮ್ಮ ಕಾಂಕ್ರೀಟ್ ಮಾಳಿಗೆಗಳಲ್ಲಿ ಎಷ್ಟು ಜಾಗವಿದೆ ಎಂದು ಅಳೆದು ನೋಡಬೇಡವೇ? ಅಳತೆಯೇ ಇಲ್ಲದಿದ್ದರೆ ‘ಮಾಳಿಗೆಯಲ್ಲಿ ಜಾಗವಿದೆ’ ಎಂದು ನಾಳೆ ಯಾರ ಮುಂದೆ ವಾದಿಸುವುದು? ನಕಾಶೆ ಕೈಯಲ್ಲಿದ್ದರೆ ಪುರಸಭೆಯ ಮುಂದೆಯೂ ನಿಂತು ಮಾತಾಡಬಹುದು.

ಗೆಳೆಯರೇ, ಇದಕ್ಕೆ ಕಂಪ್ಯೂಟರ್ ಸೈನ್ಸ್ ಓದಿರಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಖಾತೆ ತೆರೆಯಿರಿ. ನಿಮ್ಮ ಓಣಿಯ ಕಟ್ಟಡಗಳ ಗೆರೆ ಎಳೆಯಿರಿ. ಮೊದಲಿಗೆ ನೀವು ಓದಿದ ಶಾಲೆಯನ್ನು ಆಯ್ದುಕೊಳ್ಳಿ, ಮುಖ್ಯೋಪಾಧ್ಯಾಯರನ್ನು ಕೇಳಿ, ಟೇಪು ಹಿಡಿದು ಮಾಳಿಗೆ ಹತ್ತಿ. ದಕ್ಷಿಣಕ್ಕೆ ಮರ, ಕಟ್ಟಡ, ಟ್ಯಾಂಕಿ ಏನಿದೆ, ಎಷ್ಟು ಎತ್ತರವಿದೆ ಎಂದು ಬರೆದುಕೊಳ್ಳಿ. ಲೆಕ್ಕ ಬರದಿದ್ದರೂ ಚಿಂತೆಯಿಲ್ಲ, ಸೂರ್ಯನೇ ಮಾಡಿಕೊಡುತ್ತಾನೆ. ಡಿಸೆಂಬರ್ 21ಕ್ಕೆ ಬೆಳಿಗ್ಗೆ ಒಂಬತ್ತೂವರೆಗೆ ಒಮ್ಮೆ, ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ, ಮೂರೂವರೆಗೆ ಇನ್ನೊಮ್ಮೆ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮೂರೂ ಗೆರೆಗಳ ಆಚೆ ಉಳಿದ ಜಾಗ ನಿಮ್ಮ ಊರಿನ ಬಿಸಿಲಿನ ಆಸ್ತಿ. ಅದನ್ನು ನಕಾಶೆಗೆ ಏರಿಸಿ.